ಮೊದಲ ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಡೆಸೋಕೆ ಯಾವ ಪುಸ್ತಕ, ಏನೇನು ಸಾಮಾನು? 5 ಸಾವಿರದೊಳಗೆ

ಹರಿಗೋಲು, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಓದುವಾಗ ಹಾಸ್ಟೆಲ್ ಗೆಳತಿಯರ ಜೊತೆ ಎರಡು ವರ್ಷ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದ್ದೆ. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕ್ತಾ ಆಡ್ತಾರೆ, ಅಂಥ ಆಟ ಅದು. ನಾನು ಆಡಿದ್ದು ಮಾತ್ರ, ನಡೆಸಿ ಗೊತ್ತಿಲ್ಲ. ಈಗ ಊರಿಗೆ ವಾಪಸ್ ಬಂದು ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೀತೀನಿ. ದೀಪಾವಳಿ ರಜೆಗೆ ತಂಗಿ, ಚಿಕ್ಕಮ್ಮನ ಇಬ್ಬರು ಮಕ್ಕಳು, ಪಕ್ಕದ ಮನೆಯ ಪಿಯುಸಿ ಹುಡುಗ, ಮಿಲ್ಲಿನ ಗೆಳತಿ, ಇಷ್ಟು ಐದು ಮಂದಿಯನ್ನು ಕೂರಿಸಿ ನಾನೇ ಆಟ ನಡೆಸಬೇಕು ಅಂತ ತುಂಬಾ ಆಸೆ. ಅವರ್ಯಾರೂ ಈ ಆಟ ನೋಡಿದವರಲ್ಲ.

ಕೈಯಲ್ಲಿ 5 ಸಾವಿರ ಇದೆ. ಮೂರು ದೊಡ್ಡ ಪುಸ್ತಕ ತಗೊಂಡರೆ ಅಲ್ಲಿಗೇ ಮುಗೀತದೆ, ದಾಳಕ್ಕೂ ಉಳಿಯಲ್ಲ. ಅಂಗಡಿ ಪಟ್ಟಿಯಲ್ಲಿ ಪರದೆ, ಚಾಪೆ, ಗೊಂಬೆ, ಕಾರ್ಡು ಅಂತ ಇನ್ನೂ ಏನೇನೋ ಇದೆ. ನಡೆಸಿ ಪಳಗಿದವರು ಹೇಳಿ: ಯಾವುದು ಬೇಕೇ ಬೇಕು, ಯಾವುದು ಕಾಯಬಹುದು? ಇನ್ನೊಂದು ವಿಷಯ, ಐವರಲ್ಲಿ ಮೂವರು ಕನ್ನಡ ಮಾಧ್ಯಮದಲ್ಲಿ ಓದಿದವರು. ದಪ್ಪ ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟರೆ ಹಿಂಜರೀತಾರೆ ಅನ್ನೋ ಭಯ ನನಗೆ.

ಗುಡ್ಡದ ಸಾರಥಿ, ಬಳ್ಳಾರಿ

ತಂಗೀ, ಓದಿ ಭಾಳ ಖುಷಿ ಆಯ್ತು. ಒಂಬತ್ತು ವರ್ಷದಿಂದ ಕೌಲ್ ಬಜಾರಿನ ನಮ್ಮ ಮನೆ ಮಹಡಿ ಮೇಲೆ ಆಟ ನಡೆಸ್ತಿದ್ದೀನಿ. ಆ ಅನುಭವದ ಮೇಲೆ ಹೇಳೋದು: ಮೂರೂ ಪುಸ್ತಕ ಒಂದೇ ಸಲಕ್ಕೆ ತಗೋಬ್ಯಾಡ.

ನಿಯಮಗಳು ಪುಕ್ಕಟೆ ಸಿಗ್ತಾವೆ. ಎಸ್‌ಆರ್‌ಡಿ 5.1 ಅನ್ನೋ ಮೂಲ ನಿಯಮಗಳ ಕಡತವನ್ನ ಆಟದ ಕಂಪನಿಯವರೇ 2023ರ ಜನವರಿಯಲ್ಲಿ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ 2025ರಲ್ಲಿ ಅದೇ ಪರವಾನಗಿಯಲ್ಲಿ ಬಂತು. ಪಿಡಿಎಫ್ ಇಳಿಸಿಕೊಂಡು, ಬೇಕಾದ ಪುಟಗಳನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿಕೋ. ಅದರಲ್ಲಿ ಏನಿಲ್ಲ ಅನ್ನೋದೂ ಗೊತ್ತಿರಲಿ. ಫೈಟರ್, ವಿಝರ್ಡ್ ಥರದ ಒಂದೊಂದು ಕ್ಲಾಸಿಗೆ (ಪಾತ್ರದ ಬಗೆಗೆ) ಒಂದೊಂದೇ ಉಪವಿಭಾಗ ಕೊಟ್ಟಿದ್ದಾರೆ. ಚಿತ್ರ ಇಲ್ಲ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ಹೆಸರಾಂತ ಪ್ರಾಣಿಗಳ ವಿವರ ಇಲ್ಲ. ಮೊದಲ ನಾಲ್ಕೈದು ಕೂಟಕ್ಕೆ ಇದ್ಯಾವುದರ ಕೊರತೆಯೂ ತಟ್ಟಲ್ಲ.

ದುಡ್ಡು ಕೊಟ್ಟು ತಗೊಳ್ಳೋದಾದರೆ ಮೊದಲು ಆಡೋರಿಗೆ ಬೇಕಾದ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್, ಒಂದೇ ಪ್ರತಿ. ಮೇಜಿನ ಮೇಲೆ ಅತಿ ಹೆಚ್ಚು ಕೈ ಬದಲಾಯಿಸೋದು ಅದೇ. ಮನೆಗೆ ಬಂದ ದಿನವೇ ಶಾಲೆ ಪುಸ್ತಕಕ್ಕೆ ಹಾಕ್ತೀವಲ್ಲ, ಆ ಖಾಕಿ ರಟ್ಟು ಹಾಕಿಬಿಡು. ಆಟದ ನಡುವೆ ಒಗ್ಗರಣಿ ಮಿರ್ಚಿ ಬಂದೇ ಬರ್ತದೆ. ನನ್ನ ಮೊದಲ ಪ್ರತಿಯ ಮಂತ್ರಗಳ ಪುಟ ಇವತ್ತಿಗೂ ಎಣ್ಣೆ ಜಿಡ್ಡಿಗೆ ಆರ್‌ಪಾರ್ ಕಾಣ್ತದೆ.

ಎರೆಹೊಲ, ರಾಯಚೂರು

ಸಾರಥಿ ಅಣ್ಣ ಹೇಳಿದ್ದು ಖರೇ. ಆದ್ರ ಯಾವ ವರ್ಷದ್ದು ತಗೋಬೇಕು ಅನ್ನೋದನ್ನ ಬಿಟ್ಟಾರ. ಐದನೇ ಆವೃತ್ತಿಯೊಳಗ ಎರಡು ಅದಾವ: 2014ರ ಪುಸ್ತಕ 320 ಪುಟ, ತಿದ್ದಿ ಬರೆದ 2024ರದ್ದು 384 ಪುಟ. ಎರಡೂ ಒಂದೇ ಥರ ಕಾಣ್ತಾವ, ಹೆಸರೂ ಒಂದೇ. ಹೊಸಬರ ಮೇಜಿನ ಮ್ಯಾಲೆ ಎರಡನ್ನೂ ಕಲಸಬ್ಯಾಡ್ರಿ ಅಕ್ಕಾರ. ಕ್ಯೂರ್ ವೂಂಡ್ಸ್ ಮಂತ್ರ ಹಳೇದ್ರಾಗ ಒಂದು ಎಂಟುಮುಖದ ದಾಳದಷ್ಟು ಗಾಯ ಮಾಯಿಸ್ತದ, ಹೊಸದ್ರಾಗ ಎರಡು ದಾಳ. ಗಾಯ ಮಾಯುವ ಔಷಧ ಕುಡಿಯಾಕ ಹಳೇ ನಿಯಮದಾಗ ಇಡೀ ಆ್ಯಕ್ಷನ್ (ಒಂದು ಸರದಿಯ ಮುಖ್ಯ ಕೆಲಸ) ಹೋಗ್ತದ, ಹೊಸದ್ರಾಗ ಬೋನಸ್ ಆ್ಯಕ್ಷನ್ (ಅದರ ಜೋಡಿ ಮಾಡೋ ಸಣ್ಣ ಕೆಲಸ) ಸಾಕು. ಪುಸ್ತಕ ಒಂದು ವರ್ಷದ್ದು, ಝೆರಾಕ್ಸ್ ಇನ್ನೊಂದು ವರ್ಷದ್ದು ಆದ್ರ ಜೀವ ಹೋಗೋ ಹೊತ್ತಿನಾಗ ವಾದ ಶುರು ಆಗ್ತದ. 2014ರ ಪುಸ್ತಕ ಯಾರಾದ್ರೂ ಹಳೇದು ಕೊಟ್ರ 5.1 ತಗೋರಿ. ಹೊಸದು ಕೊಳ್ಳೋದಾದ್ರ 5.2.

ಎರಡನೇ ಪುಸ್ತಕದ ವಿಷಯದಾಗ ನಂದು ಬ್ಯಾರೆ ಮಾತು. ಎಲ್ಲರೂ ಆಟ ನಡೆಸೋರ ಪುಸ್ತಕ ಡಂಜನ್ ಮಾಸ್ಟರ್ಸ್ ಗೈಡ್ ಅಂತಾರ. ನಾನು ರಾಕ್ಷಸರ, ಪ್ರಾಣಿಗಳ ಪುಸ್ತಕ ಮಾನ್ಸ್ಟರ್ ಮ್ಯಾನ್ಯುಯಲ್ ಅಂತೀನಿ. ಕಾರಣ ಚಿತ್ರ. ಔಲ್‌ಬೇರ್ ಅಂದ್ರ ಏನಂತ ಹತ್ತು ನಿಮಿಷ ಬಾಯಿಲೆ ಹೇಳೋ ಬದಲು ಪುಸ್ತಕ ತಿರುಗಿಸಿ ಹಿಡಿದು "ಇದು ನಿಮ್ಮ ಎದುರಿಗೆ ನಿಂತದ" ಅಂದ್ರ ಸಾಕು, ಐದೂ ಮಂದಿ ಉಸಿರು ಹಿಡೀತಾರ. ಇಂಗ್ಲಿಷ್ ಬರಲಿ ಬಿಡಲಿ, ಚಿತ್ರ ಎಲ್ಲರಿಗೂ ಓದಾಕ ಬರ್ತದ.

ಗುಡ್ಡದ ಸಾರಥಿ, ಬಳ್ಳಾರಿ

ಚಿತ್ರದ ಮಾತು ಒಪ್ಪಿದೆ. ಆದರೂ 2024ರ ಡಂಜನ್ ಮಾಸ್ಟರ್ಸ್ ಗೈಡಿನಲ್ಲಿ ಹೊಸಬರಿಗೆ ಅಂತಲೇ ಸಣ್ಣ ಐದು ಕಥೆಗಳಿವೆ, ಗ್ರೇಹಾಕ್ ಅನ್ನೋ ಲೋಕದ ಪರಿಚಯ ಇದೆ. 2014ರದ್ದರ ಕೊನೆಯಲ್ಲಿ ದಾಳ ಹಾಕುತ್ತಾ ಕೋಣೆ ಕೋಣೆಯಾಗಿ ನೆಲಮಾಳಿಗೆ ಕಟ್ಟುವ ಕೋಷ್ಟಕಗಳಿವೆ. ಶನಿವಾರ ರಾತ್ರಿ ಏನೂ ತಯಾರಿ ಇಲ್ಲದೆ ಕೂತಾಗ ಅದು ನನ್ನನ್ನ ಎಷ್ಟೋ ಸಲ ಕಾಪಾಡಿದೆ. ಎರಡನೇ ವರ್ಷಕ್ಕೆ ತಗೊಳ್ಳೋ ಪುಸ್ತಕ ಅದು ಅಂತ ಇಟ್ಟುಕೋಣ.

ಪುಸ್ತಕದ ಬದಲು ಪೆಟ್ಟಿಗೆ ತಗೊಳ್ಳೋ ದಾರಿಯೂ ಇದೆ ತಂಗೀ. 2019ರ ಎಸೆನ್ಶಿಯಲ್ಸ್ ಕಿಟ್‌ನಲ್ಲಿ 64 ಪುಟದ ನಿಯಮ ಪುಸ್ತಕ, ಒಂದು ಪೂರಾ ಸಾಹಸ ಕಥೆ, 11 ದಾಳ, ಪರದೆ, ಎರಡೂ ಕಡೆ ಮುದ್ರಿಸಿದ ನಕ್ಷೆ, ಕಾರ್ಡುಗಳು ಎಲ್ಲಾ ಒಟ್ಟಿಗೆ ಬರ್ತಾವೆ. ಎಲ್ಲಾದರೂ ಸಿಕ್ಕರೆ ಬಿಡಬ್ಯಾಡ.

ಹರಿಗೋಲು, ಗಂಗಾವತಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ ಅಣ್ಣಾ. ಪೆಟ್ಟಿಗೆ ಹುಡುಕಿದೆ, ಸಿಗಲಿಲ್ಲ. ಹಾಸ್ಟೆಲ್ ಗೆಳತಿ ತನ್ನ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೊರಿಯರ್ ಮಾಡ್ತೀನಿ ಅಂದಿದ್ದಾಳೆ. ಹಾಗಾಗಿ 5.1 ಹಿಡೀತೀನಿ. ಈಗ ದಾಳದ ಮಾತು. ಎಷ್ಟು ಸೆಟ್ ಬೇಕು? ಮನೆಯಲ್ಲಿ ಅಜ್ಜಿಯ ಕವಡೆಗಳಿವೆ, ಅದರಲ್ಲಿ ಏನಾದರೂ ಆಗ್ತದಾ?

ಹಳೇ ಪಗಡೆ, ಸಿಂಧನೂರು

ನಿವೃತ್ತ ಗಣಿತ ಶಿಕ್ಷಕ ನಾನು. ಮೊಮ್ಮಗನ ಜೊತೆ ಕೂತು ಈ ಆಟ ಕಲಿತೆ. ಕವಡೆಯ ಪ್ರಶ್ನೆ ಕೇಳಿ ಸಂತೋಷವಾಯಿತು ಮಗಳೇ, ಅದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಚೌಕಾಬಾರದಲ್ಲಿ ನಾಲ್ಕು ಕವಡೆ ಹಾಕುತ್ತೇವೆ. ಕವಡೆ ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತದೆ ಅಂದುಕೊಂಡರೂ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಅಂಗಾತ, ಎರಡು ಬೋರಲು ಬೀಳುವುದು 6 ಬಗೆ. ನಾಲ್ಕೂ ಅಂಗಾತ ಬೀಳುವುದು ಒಂದೇ ಬಗೆ. ಎಂದರೆ ನಡುವಿನ ಅಂಕಿ ಪದೇ ಪದೇ ಬರುತ್ತದೆ, ತುದಿಯ ಅಂಕಿ ಅಪರೂಪ. ಇಪ್ಪತ್ತು ಮುಖದ ದಾಳ ಹಾಗಲ್ಲ. 1 ಬೀಳುವುದಕ್ಕೂ 10 ಬೀಳುವುದಕ್ಕೂ 20 ಬೀಳುವುದಕ್ಕೂ ನೂರಕ್ಕೆ ಐದೇ ಅವಕಾಶ. ಈ ಆಟದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ, ಆದ್ದರಿಂದ ಕವಡೆ ಒಗ್ಗುವುದಿಲ್ಲ. ದಾಳ ಬರುವುದು ತಡವಾದರೆ 1ರಿಂದ 20ರವರೆಗೆ ಚೀಟಿ ಬರೆದು ಚೀಲದಲ್ಲಿ ಹಾಕಿ ಎತ್ತಿರಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮರಳಿ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ಕೊಳ್ಳುವಾಗ ಏಳು ದಾಳಗಳ ಸೆಟ್ ಕೇಳಿ: 4, 6, 8, 12, 20 ಮುಖದವು ಒಂದೊಂದು, 10 ಮುಖದವು ಎರಡು. ಹತ್ತು ಮುಖದ ಎರಡರಲ್ಲಿ ಒಂದಕ್ಕೆ 00, 10, 20 ಎಂದು ಹತ್ತರ ಸ್ಥಾನ ಬರೆದಿರುತ್ತದೆ. ಎರಡನ್ನೂ ಕೂಡಿಸಿ ಹಾಕಿದರೆ ನೂರರ ದಾಳ. ಆಡುವ ಒಬ್ಬೊಬ್ಬರ ಕೈಗೂ ಒಂದೊಂದು ಸೆಟ್ ಇರಲಿ, ಬೇರೆ ಬೇರೆ ಬಣ್ಣದ್ದು. ಇದೊಂದರಲ್ಲಿ ಕೈ ಬಿಗಿ ಮಾಡಬೇಡಿ. ತನ್ನದೇ ದಾಳ ಕೈಯಲ್ಲಿದ್ದಾಗ ಹೊಸಬರಿಗೆ ಆಟ ತನ್ನದು ಅನ್ನಿಸುತ್ತದೆ. ಒಂದೇ ಸೆಟ್ ಸುತ್ತಾಡಿದರೆ ಅರ್ಧ ಹೊತ್ತು ಕಾಯುವುದೇ ಆಗುತ್ತದೆ.

ಎರೆಹೊಲ, ರಾಯಚೂರು

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ತೀರಾ ಅಗ್ಗದ ಸೆಟ್ ಒಂದು ತರಿಸಿದ್ದೆ, 6ಕ್ಕೂ 9ಕ್ಕೂ ಕೆಳಗ ಗೆರಿನೇ ಇರಲಿಲ್ಲ. ಇಡೀ ಕೂಟ ತಕರಾರು. ತಗೊಳ್ಳೋ ಮುಂಚೆ ಫೋಟೋ ದೊಡ್ಡದು ಮಾಡಿ ಆ ಗೆರಿ ನೋಡ್ರಿ. ಇಪ್ಪತ್ತರ ದಾಳದಾಗ ಎದುರುಬದುರು ಮುಖ ಕೂಡಿಸಿದ್ರ 21 ಬರಬೇಕು, ಅದನ್ನೂ ನೋಡ್ರಿ. ಒಳಗ ಗಾಳಿ ಗುಳ್ಳಿ ಅದಾವೇನು ಅಂತ ತಿಳಿಯಾಕ ಗ್ಲಾಸಿನಾಗ ನೀರು ಹಾಕಿ ದಾಳ ತೇಲೋ ತನಕ ಉಪ್ಪು ಕರಗಿಸ್ರಿ. ಬೆರಳಿಲೆ ತಿರುಗಿಸಿ ಬಿಟ್ಟಾಗ ಪ್ರತಿ ಸಲ ಅದೇ ಮುಖ ಮ್ಯಾಲೆ ಬಂದ್ರ ಆ ದಾಳ ಬದಿಗಿಡ್ರಿ.

ಬಣ್ಣದ ಗೊಂಬೆ, ಕೊಪ್ಪಳ

ದಾಳ ಹಾಕೋ ತಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ಕೂಡು ಕುಟುಂಬ, ರಾತ್ರಿ ಹತ್ತಕ್ಕೆ ಹಿರಿಯರು ಮಲಗ್ತಾರೆ. ಮೊದಲ ದಿನ ಸ್ಟೀಲ್ ತಟ್ಟೆಯಲ್ಲಿ ದಾಳ ಹಾಕಿದೆವು, ಅತ್ತೆ ಎದ್ದು ಬಂದರು. ಆಮೇಲೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಪರಿಚಯದವರಿಂದ ಕತ್ತರಿಸಿ ಉಳಿದ ಡೆನಿಮ್ ತುಂಡುಗಳನ್ನ ತಂದು ತಟ್ಟೆಯ ತಳಕ್ಕೆ ಫೆವಿಕಾಲ್ ಹಾಕಿ ಅಂಟಿಸಿದೆ. ಈಗ ಸದ್ದೇ ಇಲ್ಲ, ದಾಳ ಮಂಚದ ಕೆಳಗೂ ಓಡಲ್ಲ. ಉಳಿದ ಬಟ್ಟೆಯಲ್ಲಿ ಲಾಡಿ ಹಾಕಿ ಐದು ದಾಳದ ಚೀಲ ಹೊಲಿದೆ.

ಗೊಂಬೆಗಳ ವಿಷಯ ನನ್ನ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೀತೀನಿ ಹರಿಗೋಲು. ಅಂಗಡಿಯ ಮಿನಿಯೇಚರ್‌ಗಳು ಸುಮಾರು 28 ಮಿ.ಮೀ. ಎತ್ತರದವು. ಐದು ಮಂದಿಗೂ ರಾಕ್ಷಸರಿಗೂ ಅಂತ ಕೊಳ್ಳೋಕೆ ಹೋದರೆ ನಿನ್ನ 5 ಸಾವಿರ ಅಲ್ಲೇ ಕರಗ್ತದೆ. ಕಾಗದದವು ಮಾಡಿಕೋ. ನಮ್ಮ ಜಿಲ್ಲೆಯ ತೊಗಲುಗೊಂಬೆ ನೋಡಿದ್ದೀಯಲ್ಲ, ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಕಲೆ. ತೆಳ್ಳಗಿನ ಚಪ್ಪಟೆ ಚರ್ಮದಲ್ಲೇ ಹನುಮಂತ ಜೀವ ತಳೀತಾನೆ. ನಾವು ಮಾಡೋದೂ ಚಪ್ಪಟೆ ಆಕೃತಿಯೇ. ಡ್ರಾಯಿಂಗ್ ಶೀಟ್ ಮಡಚಿ, ಒಂದು ಕಡೆ ಮುಖ, ಇನ್ನೊಂದು ಕಡೆ ಬೆನ್ನು ಬರೆದು ಕತ್ತರಿಸು. ಯಾರು ಎತ್ತ ನೋಡ್ತಿದ್ದಾರೆ ಅನ್ನೋದು ಅದರಿಂದ ಗೊತ್ತಾಗ್ತದೆ.

ತೊಂದರೆ ಒಂದೇ, ಫ್ಯಾನು. ಸೆಖೆಗೆ ಫ್ಯಾನ್ ನಿಲ್ಲಿಸೋ ಹಾಗಿಲ್ಲ, ಹಾಕಿದರೆ ಇಡೀ ಸೈನ್ಯ ಮಲಗ್ತದೆ. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ 12 ಎಂಎಂ ಬೋಲ್ಟಿಗೆ ಹಾಕೋ ವಾಷರ್ ತಗೋ. ಹೊರ ಅಳತೆ 24 ಮಿ.ಮೀ., ಆಟದ ಚೌಕಳಿಯ ಒಂದು ಇಂಚಿನ ಮನೆಯಲ್ಲಿ ಸರಿಯಾಗಿ ಕೂರ್ತದೆ. ಆಕೃತಿಯ ಬುಡವನ್ನ ಅದಕ್ಕೆ ಅಂಟಿಸಿದರೆ ಗಾಳಿಗೆ ಅಲ್ಲಾಡಲ್ಲ.

ದೊಡ್ಡ ಪ್ರಾಣಿಗಳಿಗೆ ನಮ್ಮ ಕಿನ್ನಾಳದ ಗೊಂಬೆಗಳಿವೆ. ಈ ಆಟದಲ್ಲಿ ಮನುಷ್ಯ ಒಂದು ಮನೆ, ಆನೆಯಂಥದ್ದು ಮೂರಕ್ಕೆ ಮೂರು ಮನೆ ಹಿಡೀತದೆ. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಮೆತ್ತಿ ಬಣ್ಣ ಹಚ್ಚಿದ ಗೊಂಬೆ ಮೇಜಿನ ನಡುವೆ ಬಂದಾಗ ಆಗೋ ಬೆರಗೇ ಬೇರೆ. ನಮ್ಮ ಮನೆಯ ಶೋಕೇಸಿನಲ್ಲಿದ್ದ ಗರುಡ ಈಗ ಮೂರು ವರ್ಷದಿಂದ ನಮ್ಮ ಆಟದ ಗ್ರಿಫನ್ (ಹದ್ದಿನ ತಲೆಯ ಸಿಂಹ). ಒದ್ದೆ ಬಟ್ಟೆ ಮಾತ್ರ ತಾಗಿಸಬೇಡ.

ಎರೆಹೊಲ, ರಾಯಚೂರು

ಅಕ್ಕಾರ, ವಾಷರ್ ಉಪಾಯ ಇವತ್ತ ಮಾಡ್ತೀನಿ. ತ್ರೀಡಿ ಪ್ರಿಂಟ್ ಗೊಂಬಿ ತಗೊಳ್ಳೋರಿಗೆ ಒಂದು ಎಚ್ಚರಿಕಿ. ಪಿಎಲ್‌ಎ ಪ್ಲಾಸ್ಟಿಕ್ 55-60 ಡಿಗ್ರಿಗೆ ಮೆತ್ತಗಾಗ್ತದ. ರಾಯಚೂರಿನ ಮೇ ತಿಂಗಳದಾಗ ಮುಚ್ಚಿದ ಕಾರಿನೊಳಗ ಡಬ್ಬಿ ಬಿಟ್ಟು ಮದುವಿ ಊಟಕ್ಕ ಹೋಗಿ ಬಂದೆ. ಕತ್ತಿ ಎಲ್ಲಾ ಬಾಗಿದ್ವು, ಡ್ರ್ಯಾಗನ್ ರೆಕ್ಕಿ ಜೋತು ಬಿದ್ದಿತ್ತು. ಮೂರು ತಿಂಗಳು ಕೂತು ಬಣ್ಣ ಹಚ್ಚಿದ್ದೆ, ಇವತ್ತಿಗೂ ನೋವದ.

ಗುಡ್ಡದ ಸಾರಥಿ, ಬಳ್ಳಾರಿ

ಚಾಪೆಗೆ ದುಡ್ಡು ಸುರೀಬ್ಯಾಡ. ಫ್ಲೆಕ್ಸ್ ಅಂಗಡಿಗೆ ಹೋಗಿ ಮೂರಡಿ ಎರಡಡಿ ಅಳತೆಗೆ ಒಂದಿಂಚಿನ ಚೌಕಳಿ ಪ್ರಿಂಟ್ ಹಾಕಿಸು. ಗೆರೆ ತಿಳಿ ಬೂದು ಬಣ್ಣದ್ದಿರಲಿ. ಒಂದು ಮನೆ ಅಂದರೆ ಆಟದ ಲೆಕ್ಕದಲ್ಲಿ 5 ಅಡಿ, 30 ಅಡಿ ನಡೆಯೋನು ಆರು ಮನೆ ಹೋಗ್ತಾನೆ. ಫ್ಲೆಕ್ಸ್ ಮೇಲೆ ನೇರವಾಗಿ ಮಾರ್ಕರ್ ಹಚ್ಚಿದರೆ ಕಲೆ ಉಳಿತದೆ; ಮೇಲೆ ಊಟದ ಮೇಜಿಗೆ ಹಾಕೋ ಪಾರದರ್ಶಕ ಹಾಳೆ ಹಾಸಿ, ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆದು ಆಟ ಮುಗಿದ ಕೂಡಲೇ ಒರೆಸು. ರಾತ್ರಿಯಿಡೀ ಬಿಟ್ಟರೆ ಹಿಡ್ಕೊಂತದೆ.

ನಿನ್ನ ಟಿಪ್ಪಣಿ ಆಡೋರಿಗೆ ಕಾಣದ ಹಾಗೆ ಮುಂದೆ ನಿಲ್ಲಿಸೋ ಪರದೆಯೂ ಮನೆಯಲ್ಲೇ ಆಗ್ತದೆ. ಎರಡು ದಪ್ಪ ಫೈಲ್ ರಟ್ಟು ಜೋಡಿಸಿದರೆ ನಾಲ್ಕು ಮಡಿಕೆ. ನಿನ್ನ ಕಡೆ ಮುಖದ ಮೇಲೆ ಅಂಟಿಸಬೇಕಾದ್ದು: ಕೆಲಸ ಎಷ್ಟು ಕಠಿಣ ಅನ್ನೋದಕ್ಕೆ ದಾಳ ಮುಟ್ಟಬೇಕಾದ ಅಂಕಿ (ತೀರಾ ಸುಲಭ 5, ಸುಲಭ 10, ಮಧ್ಯಮ 15, ಕಷ್ಟ 20, ತುಂಬಾ ಕಷ್ಟ 25), ಅರ್ಧ ಮರೆಯಲ್ಲಿದ್ದರೆ ರಕ್ಷಣೆಗೆ 2 ಹೆಚ್ಚು, ಮುಕ್ಕಾಲು ಮರೆಯಾದರೆ 5 ಹೆಚ್ಚು, ಆಮೇಲೆ ಹತ್ತು ಹೆಸರು. ಹೆಸರು ಮರೀಬ್ಯಾಡ. ಆಡೋರು ಸಂತೆಯಲ್ಲಿ ಸುಮ್ಮನೆ ಕೂತ ಮುದುಕಿಯ ಹೆಸರು ಕೇಳೇ ಕೇಳ್ತಾರೆ.

ತಯಾರಿಗೆ ಒಂದೇ ಪುಸ್ತಕ ಹೇಳು ಅಂದರೆ ನಾನು ಹೇಳೋದು ಮೈಕಲ್ ಶಿಯಾ ಬರೆದ ರಿಟರ್ನ್ ಆಫ್ ದ ಲೇಝಿ ಡಂಜನ್ ಮಾಸ್ಟರ್, 2018ರದ್ದು. ನನ್ನ ಆಟವನ್ನ ತಿದ್ದಿದ ಪುಸ್ತಕ ಅದು. ಕೂಟಕ್ಕೆ ಮುಂಚೆ ಹತ್ತು ಗುಟ್ಟು ಬರೆದಿಟ್ಟುಕೋ ಅಂತಾನೆ, ಒಂದೊಂದೂ ಒಂದೇ ಸಾಲು. ಅದು ಎಲ್ಲಿ, ಯಾರ ಬಾಯಿಂದ ಹೊರಬೀಳ್ತದೆ ಅಂತ ಮೊದಲೇ ಗೊತ್ತು ಮಾಡಬಾರದು. ಆಡೋರು ಎಲ್ಲಿ ಹುಡುಕ್ತಾರೋ ಅಲ್ಲಿ ಸಿಗಲಿ.

ನಿನಗಂತೂ ಕಥೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗಂಗಾವತಿಯ ಮಗ್ಗುಲಲ್ಲೇ ಹಿರೇಬೆಣಕಲ್ ಇದೆ. ಗುಡ್ಡದ ಮೇಲೆ ನೂರಾರು ಕಲ್ಲುಮನೆ, ಗೋಡೆಯಲ್ಲಿ ದುಂಡನೆ ಕಿಂಡಿ. ಅವನ್ನ ಕಟ್ಟಿದವರು ಕುಳ್ಳ ಮೋರೇರು ಅಂತ ನಮ್ಮ ಹಿರಿಯರು ಹೇಳ್ಕೊಂಡು ಬಂದಿದ್ದಾರೆ. ಬಂಡೆ ಮೇಲೆ ಬಡಿದರೆ ದೂರಕ್ಕೆ ಕೇಳೋ ನಗಾರಿ ಕಲ್ಲೂ ಇದೆ. ಆ ನಗಾರಿ ತಾನಾಗೇ ಮೊಳಗಿತು ಅನ್ನೋದೇ ನಿನ್ನ ಮೊದಲ ಗುಟ್ಟು ಆಗಲಿ. ಉಳಿದ ಒಂಬತ್ತು ನೀನೇ ಬರೀ.

ಹಳೇ ಪಗಡೆ, ಸಿಂಧನೂರು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಮಗಳು ಮೊದಲ ಬರಹದ ಕೊನೆಗೆ ಹೇಳಿದ ಮಾತು, ಕನ್ನಡ ಮಾಧ್ಯಮದ ಮೂವರು. ನಾವೆಲ್ಲ ಸಾಮಾನಿನ ಮಾತಿನಲ್ಲಿ ಅದನ್ನು ದಾಟಿ ಬಂದೆವು. ಅವರ ಕೈಯಲ್ಲಿರುವ ಪಾತ್ರದ ಹಾಳೆ ಇಂಗ್ಲಿಷಿನಲ್ಲಿದ್ದರೆ ಪ್ರತಿ ಸರದಿಗೂ ಅವರು ನಿಮ್ಮ ಮುಖ ನೋಡಬೇಕಾಗುತ್ತದೆ. ಒಂದು ಹಾಳೆ ಕನ್ನಡದಲ್ಲಿ ಮಾಡಿ. ಎಸ್‌ಆರ್‌ಡಿಯ ಪರವಾನಗಿ ಅನುವಾದಕ್ಕೂ ಹಂಚುವುದಕ್ಕೂ ಅವಕಾಶ ಕೊಡುತ್ತದೆ. ಯಾವ ಮಾತಿನಲ್ಲಿ ಮೂಲವನ್ನು ನೆನೆಯಬೇಕೆಂದು ಕಡತದ ಮೊದಲಲ್ಲೇ ಕೊಟ್ಟಿದ್ದಾರೆ, ಅದನ್ನು ಹಾಳೆಯ ಅಡಿಯಲ್ಲಿ ಹಾಕಿದರೆ ಆಯಿತು.

ಆರು ಗುಣಗಳಿಗೆ ನಾವು ಮನೆಯಲ್ಲಿ ಬಳಸುವ ಮಾತು: ಕಸುವು, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು.

ಬಣ್ಣದ ಗೊಂಬೆ, ಕೊಪ್ಪಳ

ಸರ್, ವಿವೇಕದ ಬದಲು ಅರಿವು ಅಂದರೆ ಹೇಗೆ? ಆ ಗುಣ ಹೆಚ್ಚು ಬಳಕೆಗೆ ಬರೋದು ಪೊದೆಯ ಹಿಂದೆ ಸದ್ದಾಗಿದ್ದು ಗೊತ್ತಾಯ್ತಾ, ಎದುರಿಗಿರೋನು ಸುಳ್ಳು ಹೇಳ್ತಿದ್ದಾನಾ ಅನ್ನೋದಕ್ಕೆ. ವಿವೇಕ ಅಂದಾಗ ನಮ್ಮ ಹುಡುಗರು ನೀತಿ ಪಾಠ ಅಂದುಕೊಂಡರು. ಅರಿವು ಅಂತ ಬದಲಾಯಿಸಿದ ಮೇಲೆ ಕೇಳೋದೇ ಬೇಕಾಗಲಿಲ್ಲ.

ಹಳೇ ಪಗಡೆ, ಸಿಂಧನೂರು

ಸರಿಯಾದ ಮಾತಮ್ಮ. ನನ್ನ ಹಾಳೆಯಲ್ಲೂ ತಿದ್ದಿಕೊಂಡೆ.

ಎರೆಹೊಲ, ರಾಯಚೂರು

ಇನಿಶಿಯೇಟಿವ್‌ಗೆ (ಕಾಳಗದಾಗ ಯಾರ ಸರದಿ ಮೊದಲು ಅನ್ನೋದು) ನಾವು "ಪಾಳಿ" ಅಂತೀವಿ. "ಪಾಳಿ ಹಾಕ್ರಿ" ಅಂದ್ರ ಎಲ್ಲರೂ ದಾಳ ಎತ್ತತಾರ. ನಲ್ಲಿ ನೀರಿಗೆ ಪಾಳಿ ಹಚ್ಚಿ ಬೆಳೆದ ಮಂದಿ ನಾವು, ಬಿಡಿಸಿ ಹೇಳೋದು ಬೇಕಾಗಂಗಿಲ್ಲ. ಹಿಟ್ ಪಾಯಿಂಟ್ "ಜೀವ". ಸೇವಿಂಗ್ ಥ್ರೋ "ಪಾರಾಗೋ ದಾಳ". ಎರಡು ದಾಳ ಹಾಕಿ ದೊಡ್ಡದು ಹಿಡಿಯೋದು "ಮೇಲುಗೈ", ಸಣ್ಣದು ಹಿಡಿಯೋದು "ತೊಡಕು". ಪ್ರೊಫಿಶಿಯನ್ಸಿ "ಪಳಗಿದ ಕೈ". ಸ್ಪೆಲ್ ಸ್ಲಾಟ್‌ಗೆ (ಮಂತ್ರ ಎಷ್ಟು ಸಲ ಹಾಕಬಹುದು ಅನ್ನೋ ಲೆಕ್ಕ) ಒಗ್ಗೋ ಮಾತು ಸಿಕ್ಕಿಲ್ಲ, ಸ್ಲಾಟ್ ಅಂತನೇ ಬಿಟ್ಟೀವಿ.

ಗುಡ್ಡದ ಸಾರಥಿ, ಬಳ್ಳಾರಿ

ಡಂಜನ್ ಮಾಸ್ಟರ್‌ಗೆ ಸಾರಥಿ ಅನ್ನಿ, ನನ್ನ ಹೆಸರಿನ ಮೂಲ ಅದೇ. ದೊಡ್ಡಾಟದಲ್ಲಿ ವೇಷ ರಂಗಕ್ಕೆ ಬಂದಾಗ ತಾವು ಯಾರು, ಎಲ್ಲಿಂದ ಬಂದಿರಿ ಅಂತ ಸಾರಥಿ ಕೇಳ್ತಾನಲ್ಲ, ನಾನು ಪ್ರತಿ ಹೊಸ ಆಟವನ್ನ ಹಾಗೇ ಶುರು ಮಾಡ್ತೀನಿ. ನಾಚಿಕೆ ಇರೋರೂ ಎದ್ದು ನಿಂತು ಹೆಸರು, ಊರು, ಆಯುಧ ಹೇಳ್ತಾರೆ.

ಹರಿಗೋಲು, ಗಂಗಾವತಿ

ಮೂರು ವಾರದ ಮೇಲೆ ಬರೀತಿದ್ದೀನಿ. ಆಟ ಆಯ್ತು! ಬಲಿಪಾಡ್ಯಮಿಯ ಮರುದಿನ ಮಧ್ಯಾಹ್ನ ಮೂರಕ್ಕೆ ಕೂತವರು ಎದ್ದಿದ್ದು ರಾತ್ರಿ ಒಂಬತ್ತಕ್ಕೆ.

ಕೊಂಡಿದ್ದು ಆರು ಸೆಟ್ ದಾಳ, ಫ್ಲೆಕ್ಸ್ ಚೌಕಳಿ, ಪಾರದರ್ಶಕ ಹಾಳೆ, ಎರಡು ಮಾರ್ಕರ್, ಮೂವತ್ತು ವಾಷರ್, ಝೆರಾಕ್ಸು. ಉಳಿದ ದುಡ್ಡು ಮಾನ್ಸ್ಟರ್ ಮ್ಯಾನ್ಯುಯಲ್‌ಗೆ ಅಂತ ಎತ್ತಿಟ್ಟಿದ್ದೀನಿ. ಎರೆಹೊಲ ಅವರೇ, ಚಿತ್ರದ ಮಾತು ಮೇಜಿನ ಮುಂದೆ ಕೂತಾಗ ನಿಜ ಅನ್ನಿಸ್ತು. ಬಾಯಲ್ಲಿ ವರ್ಣಿಸಿ ವರ್ಣಿಸಿ ಗಂಟಲು ಕಟ್ಟಿತು.

ಕರೆಂಟು ಎರಡು ಸಲ ಹೋಯ್ತು. ಹಾಳೆ ಕಾಗದದ್ದಾಗಿದ್ದಕ್ಕೆ ಮೇಣದಬತ್ತಿಯಲ್ಲೇ ಮುಂದುವರೆದೆವು. ಸರಿಯಾಗಿ ಆ ಹೊತ್ತಿಗೆ ಅವರು ಕಲ್ಲುಮನೆಯ ಕಿಂಡಿಯಿಂದ ಒಳಗೆ ನುಗ್ಗುತ್ತಿದ್ದರು. ನಗಾರಿ ಮೊಳಗಿಸಿದ್ದು ಯಾರು ಅನ್ನೋ ಗುಟ್ಟನ್ನ ನಾನು ಮೋರೇರ ಮುದುಕನ ಬಾಯಲ್ಲಿ ಹೇಳಿಸಬೇಕು ಅಂತಿದ್ದೆ. ಅವರು ಮುದುಕನ ಹತ್ತಿರ ಹೋಗಲೇ ಇಲ್ಲ. ಕುರಿ ಕಾಯೋ ಹುಡುಗಿಯನ್ನ ಹಿಡಿದು ಮಾತಾಡಿಸಿದರು, ಅವಳೇ ಹೇಳಿದಳು.

ಕನ್ನಡದ ಹಾಳೆ ಹಳೇ ಪಗಡೆ ಸರ್ ಹೇಳಿದ ಹಾಗೇ ಮಾಡಿದೆ. ಪಕ್ಕದ ಮನೆ ಹುಡುಗ ಮೊದಲ ಒಂದು ಗಂಟೆ ಬಾಯೇ ಬಿಟ್ಟಿರಲಿಲ್ಲ. ಜೇಡ ಮೇಲೆ ಹಾರಿದಾಗ ನಾನು ಏನೂ ಹೇಳೋ ಮೊದಲೇ ಹಾಳೆಯ ಮೇಲೆ ಬೆರಳಿಟ್ಟು, "ಅಕ್ಕಾ, ನನಗೆ ತಾಳಿಕೆಯಲ್ಲಿ ಪಳಗಿದ ಕೈ ಐತಿ, ಪಾರಾಗೋ ದಾಳ ಹಾಕಲಾ?" ಅಂದ. 17 ಬಿತ್ತು. ಎಲ್ಲರೂ ಕಿರುಚಿದ್ದಕ್ಕೆ ಅಜ್ಜಿ ಬಂದು ನೋಡಿದರು.

ಹಾಳೆಯಲ್ಲಿ ಒಂದು ತಪ್ಪು ಉಳಿದಿದೆ: ಆಯುಧದ ಸಾಲಿಗೆ ಜಾಗ ಸಾಲಲ್ಲ, ಎರಡೇ ಬರೀಬಹುದು. ತಿದ್ದಿ, ಮೂಲದ ಋಣ ನೆನೆಯುವ ಸಾಲೂ ಹಾಕಿ, ಭಾನುವಾರ ಇಲ್ಲೇ ಏರಿಸ್ತೀನಿ. ಯಾರಿಗೆ ಬೇಕೋ ಇಳಿಸಿಕೊಳ್ಳಿ.

ಬಣ್ಣದ ಗೊಂಬೆ, ಕೊಪ್ಪಳ

ನನಗೆ ಆರು ಪ್ರತಿ ಬೇಕು. ಹಾಳೆಯ ಹಿಂಬದಿ ಖಾಲಿ ಬಿಡು, ಅಲ್ಲಿ ಅವರವರ ಪಾತ್ರದ ಚಿತ್ರ ಬರೆಸ್ತೀನಿ.